ಹದಿನೇಳು-ಎ

ನಮ್ಮಜ್ಜ ಎತ್ತಿನ ಮ್ಯಾಲೆ ಕುಂತು ಬರ್ತಿದ್ದ.
ಗಂಟಿ ಸಪ್ಪಳಕ್ಕ ಮನಿ ಮಂದಿ ಹೊರಗ ಬರಬೇಕು.
ಏಳು ತಲಿ ಹಿಂದಿನವನಿಂದ ಹಿಡಿದು
ತೊಟ್ಟಿಲದಾಗಿನ ಕೂಸಿನ ತನಕ
ಉಸಿರು ಬಿಡದೆ ಹೇಳ್ತಿದ್ದ. ಒಂದು ಸೇರು ಜೋಳ.
ನಾನೂ ಹೆಳವನೇ. ಎತ್ತಿಲ್ಲ.
ಕೆಪೆಂ ಕರೆಂಟಾಫೀಸಿನ ಸ್ಕೂಟರು, ಕೊರಳಿಗೆ ಜೋತ ಮಶೀನು,
ತಿಂಗಳಿಗೊಮ್ಮೆ ಅವೇ ಬಾಗಿಲುಗಳು.

ಈ ಊರಾಗ ನಲವತ್ತೊಂದು ಮನಿ. ನಲವತ್ತೊಂದೂ ರೆಬೆಲ್ಲೊ.
ಮೊದಲ ತಿಂಗಳು ಬಿಲ್ಲು ಅದಲುಬದಲಾಗಿ
ಸೇಂದಿಯವನ ಫ್ರಿಜ್ಜಿನ ರೊಕ್ಕ ಪಾವಿನವ ಕಟ್ಟಿದ.
ಪಾವಿನವನ ಹೆಂಡತಿ ಕೊಂಕಣಿಯಾಗ ಬೈದದ್ದು
ಪೂರಾ ತಿಳೀಲಿಲ್ಲ, ‘ಘಾಟಿ’ ಅನ್ನೋದು ತಿಳೀತು.
ಆಮೇಲೆ ಅಡ್ಡಹೆಸರು ಕಲಿತೆ.
ಹಡಗಿನ ರೆಬೆಲ್ಲೊ, ಬಾವಿಕಟ್ಟಿ ರೆಬೆಲ್ಲೊ,
ಮೂರು ತಲಿ ಹಿಂದ ಯಾರೋ ಸಿಟ್ಟಿಗೆದ್ದು ಮಾತು ಬಿಟ್ಟದ್ದಕ್ಕ
ಇವತ್ತಿಗೂ ಮೂಗನ ರೆಬೆಲ್ಲೊ
(ಆ ಮನಿ ಮಂದಿ ಬಾಯಿ ಮುಚ್ಚೂದೇ ಇಲ್ಲ).

ಬಿಲ್ಲಿನಾಗ ಸತ್ತವರು ಸಾಯೂದಿಲ್ಲ.
ಕನೆಕ್ಷನ್ನು ಮುತ್ಯಾನ ಹೆಸರಿಲೆ. ಬದಲಿ ಮಾಡಾಕ
ಅಣ್ಣತಮ್ಮರ ಸಹಿ ಬೇಕು; ಒಬ್ಬ ಲಿಸ್ಬನ್ನಿನಾಗ,
ಒಬ್ಬ ದುಬೈದಾಗ, ಒಬ್ಬ ಬಾಜೂ ಮನಿಯಾಗ ಕೋರ್ಟಿಗೆ ಹೋಗ್ಯಾನ.
ನಾನು ಹಳೇ ಬಿಲ್ಲಿನ ಬೆನ್ನಿಗೆ ಗೆರಿ ಹಾಕ್ತಾ ಬಂದೆ,
ಇವನ ಮಗ ಅವ, ಅವನ ತಮ್ಮ ಇವ.
ಹುಟ್ಟಿದ ಚಟ.
ಗೆರಿ ಎಲ್ಲಾ ಒಂದು ಕಡೆ ಕೂಡಬೇಕಲ್ಲ?
ಕೂಡಲೇ ಇಲ್ಲ.

ತುದಿಮನಿ ಎಸ್ಪೆರಾನ್ಸಾ ಬಾಯಿ ನಕ್ಕಳು:
“ನಾವು ಬೀಗರೂ ಅಲ್ಲ, ಭಾವುಬಂದರೂ ಅಲ್ಲ.
ಒಬ್ಬ ಪಾದ್ರಿ, ಒಂದು ಮಧ್ಯಾಹ್ನ, ಒಂದು ಕೊಪ್ಪರಿಗಿ ನೀರು.
ತನ್ನ ಹೆಸರು ಹಂಚಿ ಊಟಕ್ಕ ಹೋದ.”
ಮಕ್ಕಳಿಲ್ಲದ ಸನ್ಯಾಸಿಗೆ ನಲವತ್ತೊಂದು ಒಲಿ!
ಇಂಥಾ ವಂಶ ನಮ್ಮಜ್ಜನ ಬಾಯಿಗೂ ಬಂದಿರಲಿಕ್ಕಿಲ್ಲ.

“ಆದರೂ,” ಅಂದಳು.
ಆ ಆದರೂ ಕೇಳಿ ಸ್ಕೂಟರ್ ಬಂದ್ ಮಾಡಿದೆ.
ಮ್ಯಾಗಿನ ಓಣಿ ರೆಬೆಲ್ಲೊ ಕೆಳಗಿನ ಓಣಿಯಿಂದ
ಹೆಣ್ಣು ತರೂದಿಲ್ಲ, ಕೊಡೂದೂ ಇಲ್ಲ.
ಯಾಕೋ ಯಾರಿಗೂ ಗೊತ್ತಿಲ್ಲ. ಇಗರ್ಜಿ ಪುಸ್ತಕದಾಗ ಇಲ್ಲ.
ನನಗ ಗೊತ್ತಿತ್ತು. ನಮ್ಮ ಕಡೆ ಅದಕ್ಕ ಬೆಡಗು ಅಂತೀವಿ.
ಹೆಸರು ತೊಳೆದ ನೀರು ಅಲ್ಲೀತನಕ ಇಳಿದಿಲ್ಲ.

ಅವಳ ಮೀಟರು ತಿಂಗಳಿಗೆ ಒಂಬತ್ತು ಯೂನಿಟ್ಟು.
ಒಂದು ಬಲ್ಬು, ಒಂದು ರೇಡಿಯೊ.
“ಮ್ಯಾಗಿನ ಓಣಿ ವೆನಾನ್ಸಿಯೊ ಪಿಟೀಲು ಬಾರಿಸ್ತಿದ್ದ.
ನನಗ ಹತ್ತೊಂಬತ್ತು. ಎರಡೂ ಮನಿ ಬ್ಯಾಡ ಅಂದ್ವು.
ಅವ ಹಡಗು ಹತ್ತಿದ, ಬಹರೈನದಾಗ ತೀರಿಕೊಂಡ.
ನೀ ಹೆಳವ ಅಂತೀಯಲ್ಲ, ಹೇಳು,
ನಾವು ಖರೇನ ಅಣ್ಣ ತಂಗಿ ಆಗಬೇಕಿತ್ತೇನು?”

ಅಜ್ಜನ ಕಟ್ಟಳೆ: ಇಲ್ಲದ್ದು ಹಾಡಬಾರದು, ಇದ್ದದ್ದು ನುಂಗಬಾರದು.
ಆಫೀಸಿನ ಹಳೇ ಲೆಡ್ಜರಿನಾಗ
ವೆನಾನ್ಸಿಯೊನ ಮನಿ ಹದಿನೇಳು. ಇವಳದು ಹದಿನೇಳು-ಎ.
ನಡುವ ಅರ್ಧ ಮೈಲು, ಗದ್ದಿ, ಒಂದು ಶಿಲುಬಿ ಕಟ್ಟಿ.
ಒಡೆದ ಒಂದೇ ಮನಿ ಇರಬಹುದು.
ಇಲ್ಲಾ, ಆವತ್ತಿನ ಗುಮಾಸ್ತ ಒಂದು ನಂಬರು ಮರೆತು
ಸಾಲು ತಿದ್ದಲಾರದೆ ಒಂದು ‘ಎ’ ತುರುಕಿದನೋ.
ಒಂದಕ್ಷರ. ಅದರ ತಲಿಮ್ಯಾಲೆ ಅರವತ್ತು ವರ್ಷ ಹೊರಸಲೇನು?

“ಗೊತ್ತಿಲ್ಲ ಬಾಯಿ,” ಅಂದೆ.
ಹೆಳವನೊಬ್ಬ ಹೊಸ್ತಿಲದಾಗ ನಿಂತು ಹಂಗ ಅಂದದ್ದು
ಇದೇ ಮೊದಲಿರಬೇಕು.

ಬಿಲ್ಲು ಹರಿದೆ. ಅದರ ಮ್ಯಾಲೆ ಅವಳಪ್ಪ, ಕೈತಾನ್ ರೆಬೆಲ್ಲೊ.
ನಮ್ಮಜ್ಜನ ಹೊತ್ತಿಗಿಯಾಗೂ ಹೆಣ್ಣಿನ ಹೆಸರು ಕಂಡ ನೆನಪಿಲ್ಲ.
ಈ ಕಾಗದದ ಅಕ್ಷರ ಮೂರು ತಿಂಗಳಿಗೆ ಹಾರಿಹೋಗ್ತಾವ,
ತಿರುವಿ ಬಾಲ್‌ಪೆನ್ನಿಲೆ ‘ಎಸ್ಪೆರಾನ್ಸಾ’ ಅಂತ ಬರೆದೆ,
ಕನ್ನಡದಾಗ, ಅವಳಿಗೆ ಓದಾಕ ಬರೂದಿಲ್ಲ.
ಮ್ಯಾಲೆ ಗೆರಿ ಎಳೀಲಿಲ್ಲ. ಕೆಳಗೂ.

ಒಳಗ ಹೋಗಿ ಒಂದು ಪಾವು ಕೆಂಪಕ್ಕಿ ತಂದಳು.
ಯಾರೂ ಹೇಳಿಕೊಟ್ಟಿರಲಿಲ್ಲ.
ಚೀಲ ಇರಲಿಲ್ಲ, ಹೆಲ್ಮೆಟ್ ಒಡ್ಡಿದೆ.
ಇಳಕಲಿನಾಗ ಹ್ಯಾಂಡಲ್ಲಿಗೆ ಜೋತು
ಊರು ದಾಟೋತನಕ ಅದು ಗಲಗಲ ಅಂತಿತ್ತು.